ಎಲೆ ತುದೀಲಿರೋ ಉಪ್ಪು ಅಪ್ಪಂಗೆ ಕಾಣ್ತಿಲ್ಲ, ಕನ್ನಡಕ ಬದಲಿಸ್ಬೇಕಾ?

ಪ್ರಶ್ನೆ: ಡಾಕ್ಟ್ರೇ, ನಮ್ಮಪ್ಪಂಗೆ 63 ವರ್ಷ. ಎರಡು ತಿಂಗಳ ಹಿಂದೆ ಸ್ಟ್ರೋಕ್ ಆಗಿ ಎಡಗೈ ಎಡಗಾಲು ಬಿದ್ದೋಗಿತ್ತು, ಈಗ ಬಹುತೇಕ ಸರಿಹೋಗಿದೆ. ಆದ್ರೆ ಮೊನ್ನೆ ಗೃಹಪ್ರವೇಶದ ಊಟದಲ್ಲಿ ಉಪ್ಪು, ಉಪ್ಪಿನಕಾಯಿ ಬಡಿಸೇ ಇಲ್ಲ ಅಂತ ರೇಗಾಡಿದ್ರು, ನೋಡಿದ್ರೆ ಎಲ್ಲಾ ಎಲೆಯ ಎಡತುದೀಲೇ ಇತ್ತು. ಬಾಗಿಲಿಗೆ ಎಡಭುಜ ಹೊಡ್ಕೋತಾರೆ. ಕನ್ನಡಕ ಎರಡು ಸಲ ಬದಲಿಸಿದ್ವಿ. ಎಡಗಣ್ಣು ಹೋಗಿದ್ಯಾ? ತೋಟಕ್ಕೆ ಸ್ಕೂಟರ್‌ನಲ್ಲಿ ಹೋಗ್ತೀನಿ ಅಂತ ಹಠ ಬೇರೆ.
— ಓದುಗರು, ತಿಪಟೂರು

ಉತ್ತರ: ಮೂರನೇ ಕನ್ನಡಕಕ್ಕೆ ದುಡ್ಡು ಹಾಕ್ಬೇಡಿ. ನೀವು ಹೇಳೋದು ನೋಡಿದ್ರೆ ತೊಂದ್ರೆ ಇರೋದು ಕಣ್ಣಲ್ಲಲ್ಲ, ಮೆದುಳಲ್ಲಿ. ಎರಡೂ ಕಣ್ಣಿಗೆ ಎಡಗಡೆಯಿಂದ ಕಾಣೋದೆಲ್ಲ ಮೆದುಳಿನ ಬಲಭಾಗಕ್ಕೆ ಹೋಗುತ್ತೆ, ಅಲ್ಲಿಗೆ ರಕ್ತ ಹೋಗೋದು ನಿಂತ್ರೆ ಎಡಗೈ ಸೋತ ಹಾಗೇನೇ ಎಡಗಡೆ ನೋಟವೂ ಹೋಗಬಹುದು, ಅದೂ ಎರಡೂ ಕಣ್ಣಿಂದ. ಮನೇಲೇ ನೋಡಿ: ಅವರ ಒಂದು ಕಣ್ಣು ಮುಚ್ಚಿಸಿ, ನಿಮ್ಮ ಮೂಗನ್ನೇ ನೋಡ್ತಿರೋಕೆ ಹೇಳಿ, ಅವರ ಎಡಗಡೆ ಬೆರಳು ಅಲ್ಲಾಡಿಸಿ. ಯಾವ ಕಣ್ಣು ಮುಚ್ಚಿದ್ರೂ ಬೆರಳು ಕಾಣ್ಲಿಲ್ಲ ಅಂದ್ರೆ ಇದೇ, ಹೆಮಿಯಾನೋಪಿಯಾ ಅಂತೀವಿ. ಕಣ್ಣಾಸ್ಪತ್ರೇಲಿ ಫೀಲ್ಡ್ ಟೆಸ್ಟ್ (ಸುತ್ತಮುತ್ತ ಎಲ್ಲೀವರೆಗೆ ಕಾಣುತ್ತೆ ಅನ್ನೋ ಪರೀಕ್ಷೆ) ಅಂತ ಕೇಳಿ ಮಾಡಿಸಿ, ಗೋಡೆ ಮೇಲಿನ ಅಕ್ಷರ ಓದಿಸೋದ್ರಲ್ಲಿ ಇದು ಸಿಕ್ಕಿಹಾಕ್ಕೊಳ್ಳದೇನೂ ಇರಬಹುದು.

ಆದ್ರೆ ಆ ಉಪ್ಪಿನ ಜಗಳ ಓದಿ ನಂಗೆ ಇನ್ನೊಂದು ಅನುಮಾನ ಬಂತು. ನೋಟ ಮಾತ್ರ ಹೋದೋರಿಗೆ ಸಾಮಾನ್ಯವಾಗಿ ಸ್ವಲ್ಪ ದಿನದಲ್ಲಿ ಗೊತ್ತಾಗುತ್ತೆ, ತಲೆ ತಿರುಗಿಸಿ ಹುಡುಕ್ತಾರೆ. ಕೆಲವರಿಗೆ ಎಡಗಡೆ ಅಂತ ಒಂದಿದೆ ಅನ್ನೋದೇ ಮರೆತೋಗಿರುತ್ತೆ, ಗಡ್ಡ ಕೂಡ ಬಲಗೆನ್ನೆಗೆ ಮಾತ್ರ ಕೆರ್ಕೊಂಡು ಎದ್ದು ಬರ್ತಾರೆ. ಇದು ನೆಗ್ಲೆಕ್ಟ್. ಒಂದು ಹಾಳೇಲಿ ಗಡಿಯಾರ ಬರೀರಿ ಅಪ್ಪಾ ಅಂತ ಕೊಡಿ, 1ರಿಂದ 12 ಎಲ್ಲಾ ಬಲಕ್ಕೇ ತುರುಕಿದ್ರೆ ಆ ಹಾಳೆ ಸಮೇತ ನ್ಯೂರೋ ಡಾಕ್ಟ್ರ ಹತ್ರ ಹೋಗಿ. ಎರಡೂ ಒಟ್ಟಿಗೆ ಇರೋದೂ ಉಂಟು. ಪಾಪ, ಮನೆಯವ್ರು ಮೊಂಡುತನ ಅಂದ್ಕೊಂಡು ಬೈತಿರ್ತಾರೆ.

ತಾನಾಗೇ ವಾಪಸ್ ಬರೋ ನೋಟ ಹೆಚ್ಚಾಗಿ ಮೊದಲ ಮೂರು ತಿಂಗಳಲ್ಲೇ ಬರೋದು, ಆರು ತಿಂಗಳಾದ್ಮೇಲೆ ಅಪರೂಪ. ಅಲ್ಲೀವರೆಗೂ, ಆಮೇಲೂ, ಎಡಕ್ಕೆ ತಲೆ ತಿರುಗಿಸೋದನ್ನ ರೂಢಿ ಮಾಡಿಸಿ. ಪೇಪರ್ ಓದುವಾಗ ಕಾಲಂನ ಎಡ ಅಂಚಿಗೆ ಕೆಂಪು ಸ್ಕೆಚ್ ಪೆನ್ನಲ್ಲಿ ಗೆರೆ ಎಳೆದುಕೊಡಿ, ಆ ಗೆರೆ ಕಾಣೋವರೆಗೂ ಕಣ್ಣು ಎಡಕ್ಕೆ ತರ್ಬೇಕು, ಇಲ್ಲಾಂದ್ರೆ ಸಾಲಿನ ಮೊದಲ ಪದ ಬಿಟ್ಟು ಓದಿ ಅರ್ಥ ಆಗ್ತಿಲ್ಲ ಅಂತ ಪೇಪರ್ ಎಸೀತಾರೆ. ಬಿಸಿ ಕಾಫಿ ಲೋಟ ಮಾತ್ರ ಬಲಗಡೆ ಇಡಿ.

ಇನ್ನೊಂದು, ಮುಂದೆ ಯಾವತ್ತಾದ್ರೂ ಇದ್ದಕ್ಕಿದ್ದಂಗೆ ಒಂದು ಕಣ್ಣು ಕತ್ತಲಾದ್ರೆ, ಎರಡೆರಡು ಕಂಡ್ರೆ, ಐದು ನಿಮಿಷಕ್ಕೆ ಸರಿಹೋದ್ರೂ ಸರಿ, ಅದು ಮತ್ತೆ ಸ್ಟ್ರೋಕ್ ಇರಬಹುದು, ನಾಳೆ ನೋಡೋಣ ಅನ್ನದೆ 108ಕ್ಕೆ ಫೋನ್ ಮಾಡಿ. ಹೆಪ್ಪುಗಟ್ಟಿದ ರಕ್ತ ಕರಗಿಸೋ ಇಂಜೆಕ್ಷನ್‌ಗೆ ತೊಂದ್ರೆ ಶುರುವಾದಾಗಿಂದ ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯಷ್ಟೇ ಟೈಮು.

ಸ್ಕೂಟರ್ ಕೀ ನೀವೇ ಇಟ್ಕೊಳ್ಳಿ. ಎಡಗಡೆಯಿಂದ ಬರೋ ಹಸು, ಮಗು ಯಾವುದೂ ಅವರಿಗೆ ಕಾಣಲ್ಲ. ತೋಟಕ್ಕೆ ಹೋಗ್ಲಿ, ಹಿಂದಿನ ಸೀಟಲ್ಲಿ ಕೂತು.