ಕಾರ್ಡು ಇದ್ದರೂ ಬಿಲ್ಲು ಕಟ್ಟಬೇಕೇ? ಗಲ್ಫ್ ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲದ ಪತ್ರಗಳೆಲ್ಲ ಬಂದದ್ದು ಯುಎಇಯಿಂದ, ಇಲ್ಲವೇ ಅಲ್ಲಿಗೆ ಹೊರಟವರ ಮನೆಗಳಿಂದ. ನಾನು ದುಬೈಯ ಕರಾಮಾದಲ್ಲಿ ಒಂದು ಕ್ಲಿನಿಕ್ಕಿನ ವಿಮೆ ಕೌಂಟರಿನಲ್ಲಿ ಬಹಳ ವರ್ಷ ಕೂತು ಈಗ ಉಡುಪಿಗೆ ಮರಳಿದವಳು. ಹಾಗಾಗಿ ವಿಮೆಯ ಪ್ರಶ್ನೆಗಳಿಗೆ ಜಾಸ್ತಿ ಜಾಗ ಕೊಟ್ಟಿದ್ದೇನೆ. ಹೆಸರು ಹಾಕಬೇಡಿ ಎಂದು ಹಲವರು ಕೇಳಿಕೊಂಡಿದ್ದರಿಂದ ಎಲ್ಲರ ಹೆಸರನ್ನೂ ಬಿಟ್ಟು ಊರನ್ನಷ್ಟೇ ಹಾಕಿದೆ.

ಮಗ ಎಸ್ಸೆಸ್ಸೆಲ್ಸಿಯಲ್ಲಿ ಫೇಲು. ವೈರಿಂಗ್ ಕೆಲಸ ಚೆನ್ನಾಗಿ ಕಲಿತಿದ್ದಾನೆ. ದುಬೈಯಲ್ಲಿ ಎಲೆಕ್ಟ್ರಿಷಿಯನ್ ಕೆಲಸ ಉಂಟು, ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಹೋಗಲಿ, ಅಲ್ಲಿ ಕಂಪನಿಯವರು ವೀಸಾ ಬದಲಿಸುತ್ತಾರೆ ಅಂತ ಏಜೆಂಟ್ ಹೇಳುತ್ತಾನೆ. ಒಂದೂಕಾಲು ಲಕ್ಷ ಕೇಳಿದ್ದಾನೆ. ಬಂಗಾರ ಅಡವಿಟ್ಟು ಕೊಡಬಹುದಾ?
ಒಬ್ಬ ತಾಯಿ, ಕಾರ್ಕಳ

ಕೊಡಬೇಡಿ ಅಮ್ಮಾ. ಬಂಗಾರ ಪೆಟ್ಟಿಗೆಯಲ್ಲೇ ಇರಲಿ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್, ಅಂದರೆ ವಲಸೆಗೆ ಅನುಮತಿ ಬೇಕಾದ ವರ್ಗಕ್ಕೆ ಸೇರುತ್ತದೆ. ಅಂಥವರು ಯುಎಇ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ 1983ರ ವಲಸೆ ಕಾಯ್ದೆಯ ಪ್ರಕಾರ ಸರ್ಕಾರದ ಅನುಮತಿ ಪಡೆಯಬೇಕು. ಅದು ಇ-ಮೈಗ್ರೇಟ್ ಎಂಬ ಜಾಲತಾಣದ ಮೂಲಕ ಆಗುತ್ತದೆ. ನೋಂದಾಯಿತ ಏಜೆಂಟರ ಪಟ್ಟಿಯೂ ಅಲ್ಲೇ ಇದೆ. ನಿಮ್ಮ ಏಜೆಂಟನ ಹೆಸರು, ಪರವಾನಗಿ ಸಂಖ್ಯೆ ಅಲ್ಲಿ ಇದೆಯೇ ಎಂದು ಮೊದಲು ಮಗನಿಂದ ನೋಡಿಸಿ. ನೋಂದಾಯಿತ ಏಜೆಂಟ್ ತೆಗೆದುಕೊಳ್ಳಬಹುದಾದ ಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಮೇಲಿನ ಜಿಎಸ್‌ಟಿ, ಒಟ್ಟು 35,400. ಅದಕ್ಕೂ ರಸೀದಿ ಕೊಡಬೇಕು. ಒಂದೂಕಾಲು ಲಕ್ಷ ಕೇಳಿದನೆಂದರೆ ಅವನ ದಾರಿ ಬೇರೆಯೇ.

ವಿಸಿಟ್ ವೀಸಾದಲ್ಲಿ ಕೆಲಸ ಮಾಡುವುದು ಯುಎಇಯಲ್ಲಿ ಅಪರಾಧ. ಪರ್ಮಿಟ್ ಇಲ್ಲದವರನ್ನು ದುಡಿಸಿಕೊಳ್ಳುವ ಮಾಲೀಕನಿಗೆ 2024ರಿಂದ ಒಂದು ಲಕ್ಷದಿಂದ ಹತ್ತು ಲಕ್ಷ ದಿರ್ಹಮ್‌ವರೆಗೆ ದಂಡ. ಆದರೆ ತಪಾಸಣೆಯವರು ಬಂದಾಗ ಮೊದಲು ಸಿಕ್ಕಿಬೀಳುವವನು ನಿಚ್ಚಣಿಕೆ ಮೇಲೆ ನಿಂತ ಹುಡುಗ. ಸಂಬಳ ಕೊಡದಿದ್ದರೆ ದೂರು ಕೊಡಲು ಅವನ ಹೆಸರಿನಲ್ಲಿ ಕರಾರು ಇರುವುದಿಲ್ಲ. ಬಿದ್ದು ಕಾಲು ಮುರಿದರೆ ಕೆಲಸಗಾರನಿಗೆ ಸಿಗುವ ವಿಮೆ ಇರುವುದಿಲ್ಲ. ಅಂಥ ಹುಡುಗರನ್ನು ಗೆಳೆಯರು ಹೊತ್ತು ತಂದು ನನ್ನ ಕೌಂಟರಿನ ಮುಂದೆ ನಿಲ್ಲಿಸಿದ್ದಿದೆ. ರೂಮಿನವರೆಲ್ಲ ಜೇಬು ತಡಕಿ ದುಡ್ಡು ಕೂಡಿಸುವುದನ್ನು ನೋಡುತ್ತ ಕೂರುವುದು ಬಹಳ ಕಷ್ಟ.

ನೇರ ದಾರಿಯಲ್ಲಿ ಹೋದರೆ ಏನು ಸಿಗುತ್ತದೆ ನೋಡಿ. ಇಸಿಆರ್ ವರ್ಗದವರಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆ ಕಡ್ಡಾಯ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ, ತೆರಿಗೆ ಬೇರೆ. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯ ಆದರೆ 10 ಲಕ್ಷ ರೂಪಾಯಿ. ಈ ಪಾಲಿಸಿಯ ಒಂದು ಪ್ರತಿ ನಿಮ್ಮ ಹತ್ತಿರ ಮನೆಯಲ್ಲೇ ಇರಲಿ. ಇಂಥದ್ದೊಂದು ವಿಮೆ ಇತ್ತೆಂದು ಗೊತ್ತೇ ಇಲ್ಲದೆ ಹಣ ಕೇಳದೆ ಕೂತ ಕುಟುಂಬಗಳಿವೆ.

ಆಫರ್ ಲೆಟರ್ ಯುಎಇಯ ಕಾರ್ಮಿಕ ಸಚಿವಾಲಯದ್ದಾಗಿರಬೇಕು, ಕಂಪನಿಯ ಲೆಟರ್‌ಹೆಡ್ಡಿನಲ್ಲಿ ಟೈಪು ಮಾಡಿದ್ದು ಸಾಲದು. ಅದು ಅರಬಿ, ಇಂಗ್ಲಿಷಿನ ಜೊತೆ ಮೂರನೆಯ ಭಾಷೆಯೊಂದರಲ್ಲೂ ಬರುತ್ತದೆ. ಹಿಂದಿ, ಮಲಯಾಳ, ತಮಿಳಿನಲ್ಲಿ ಸಿಗುತ್ತದೆ, ಕನ್ನಡದಲ್ಲಿ ಇಲ್ಲ. ಆದ್ದರಿಂದ ಓದಬಲ್ಲವರೊಬ್ಬರನ್ನು ಕೂರಿಸಿಕೊಂಡು ಸಾಲು ಸಾಲು ಓದಿಸಿ. ಅದರಲ್ಲಿ ಬೇಸಿಕ್ ಅಂದರೆ ಮೂಲ ವೇತನ ಎಷ್ಟು ಎಂದು ಬರೆದಿದೆ ಎಂಬುದೇ ಮುಖ್ಯ. ಯಾಕೆಂದು ಮುಂದೆ ಅಜ್ಮಾನಿನ ತಂಗಿಗೆ ಕೊಟ್ಟ ಉತ್ತರದಲ್ಲಿದೆ. ಇನ್ನೊಂದು ಮಾತು: ವೀಸಾದ ಖರ್ಚನ್ನೂ ನೇಮಕಾತಿಯ ಖರ್ಚನ್ನೂ ಕೆಲಸಗಾರನಿಂದ ವಸೂಲಿ ಮಾಡಬಾರದೆಂದು ಅಲ್ಲಿನ ಕಾನೂನೇ ಹೇಳುತ್ತದೆ.

ಇಲ್ಲಿ ಸ್ಟೋರ್‌ಕೀಪರ್ ಆಗಿದ್ದೇನೆ. ಕಂಪನಿ ವಿಮೆ ಮಾಡಿಸಿದೆ. ಹೊಟ್ಟೆನೋವು ಬಂತೆಂದು ಹತ್ತಿರದ ದೊಡ್ಡ ಆಸ್ಪತ್ರೆಗೆ ಹೋದರೆ ಕಾರ್ಡು ನಡೆಯುವುದಿಲ್ಲ ಎಂದು ಪೂರ್ತಿ ಬಿಲ್ಲು ಕಟ್ಟಿಸಿಕೊಂಡರು. ಮರುವಾರ ಬೇರೆ ಕ್ಲಿನಿಕ್ಕಿಗೆ ಹೋದೆ, ಅಲ್ಲಿ ಕಾರ್ಡು ನಡೆಯಿತು, ಆದರೂ ದುಡ್ಡು ಕೇಳಿದರು. ನನಗೆ ಮೋಸ ಆಯಿತಾ? ಹೆಂಡತಿ ಬರುವವಳಿದ್ದಾಳೆ, ಅವಳಿಗೂ ಇದೇ ಕಾರ್ಡು ಆಗುತ್ತದಾ?
ಓದುಗರು, ಶಾರ್ಜಾ

ನೀವು ಬರೆದದ್ದನ್ನು ನೋಡಿದರೆ ಮೋಸ ಆದಂತೆ ಕಾಣುವುದಿಲ್ಲ. ಆದರೆ ಕಾರ್ಡು ಕೊಡುವಾಗ ನಿಮಗೆ ಯಾರೂ ಏನನ್ನೂ ಹೇಳಿಕೊಟ್ಟಿಲ್ಲ. ಅದು ತಪ್ಪೇ.

ಶಾರ್ಜಾ, ಅಜ್ಮಾನ್, ರಾಸ್ ಅಲ್ ಖೈಮಾ ಮೊದಲಾದ ಉತ್ತರದ ಎಮಿರೇಟುಗಳಲ್ಲಿ ಖಾಸಗಿ ಕಂಪನಿಯ ಕೆಲಸಗಾರರಿಗೂ ಮನೆಕೆಲಸದವರಿಗೂ ಆರೋಗ್ಯ ವಿಮೆ ಕಡ್ಡಾಯವಾದದ್ದು 2025ರ ಜನವರಿ 1ರಿಂದ. ಅಬುಧಾಬಿ, ದುಬೈಗಳಲ್ಲಿ ಮೊದಲೇ ಇತ್ತು. ಹೊಸದಾಗಿ ಬಂದ ಮೂಲ ಪ್ಯಾಕೇಜಿನ ಬೆಲೆ ವರ್ಷಕ್ಕೆ 320 ದಿರ್ಹಮ್. ಅದನ್ನು ಕಟ್ಟಬೇಕಾದವನು ಮಾಲೀಕ. ನಿಮ್ಮದು ಬಹುಶಃ ಅದೇ ಪ್ಯಾಕೇಜು. ಅದು ಪ್ರಕಟವಾದಾಗ ಅದರ ನೆಟ್‌ವರ್ಕಿನಲ್ಲಿ, ಅಂದರೆ ಆ ಕಾರ್ಡು ನಡೆಯುವ ಜಾಗಗಳ ಪಟ್ಟಿಯಲ್ಲಿ, ಇದ್ದದ್ದು 7 ಆಸ್ಪತ್ರೆ, 46 ಕ್ಲಿನಿಕ್, 45 ಔಷಧಿ ಅಂಗಡಿ ಮಾತ್ರ. ನೀವು ಹೋದ ದೊಡ್ಡ ಆಸ್ಪತ್ರೆ ಆ ಪಟ್ಟಿಯಲ್ಲಿ ಇರಲಿಕ್ಕಿಲ್ಲ.

ಇನ್ನು ಎರಡನೆಯ ಬಿಲ್ಲು. ಅದಕ್ಕೆ ಕೋ-ಪೇ ಎನ್ನುತ್ತಾರೆ, ರೋಗಿಯ ಪಾಲು. ಈ ಪ್ಯಾಕೇಜಿನಲ್ಲಿ ಡಾಕ್ಟರನ್ನು ತೋರಿಸಿ ಮನೆಗೆ ಬರುವ ಚಿಕಿತ್ಸೆಯಾದರೆ ಬಿಲ್ಲಿನ ಶೇಕಡಾ 25 ನಿಮ್ಮದು, ಆದರೆ ಒಂದು ಭೇಟಿಗೆ 100 ದಿರ್ಹಮ್ ಮೀರುವಂತಿಲ್ಲ. ಅದೇ ಕಾಯಿಲೆಗೆ ಏಳು ದಿನದೊಳಗೆ ಮತ್ತೆ ಹೋದರೆ ನಿಮ್ಮ ಪಾಲು ಇಲ್ಲ. ಇದನ್ನು ಕೌಂಟರಿನವರು ಮರೆತರೆ ನೀವೇ ನೆನಪಿಸಿ, ಸಂಕೋಚ ಬೇಡ. ಅಡ್ಮಿಟ್ ಆದರೆ ಶೇಕಡಾ 20, ಒಂದು ಸಲಕ್ಕೆ ಹೆಚ್ಚೆಂದರೆ 500, ಇಡೀ ವರ್ಷಕ್ಕೆ 1,000 ದಿರ್ಹಮ್. ಆಮೇಲಿನದು ಪಾಲಿಸಿಯ ಮಿತಿಯವರೆಗೆ ವಿಮೆ ಕಂಪನಿಯದ್ದು. ಔಷಧಿಗೆ ಶೇಕಡಾ 30 ನಿಮ್ಮ ಕೈಯಿಂದ, ವರ್ಷಕ್ಕೆ 1,500 ದಿರ್ಹಮ್‌ನ ಮಿತಿ.

ಈ ಔಷಧಿ ಮಿತಿಯ ಬಗ್ಗೆ ಸಕ್ಕರೆ ಕಾಯಿಲೆ, ಬಿಪಿ ಇರುವವರು ಎಚ್ಚರವಾಗಿರಬೇಕು. ತಿಂಗಳಿಗೆ ಮೂರು ನಾಲ್ಕು ಬಗೆಯ ಮಾತ್ರೆ ಬೇಕಾದವರಿಗೆ ವರ್ಷ ಮುಗಿಯುವ ಮೊದಲೇ ಅದು ಮುಗಿದುಹೋಗುತ್ತದೆ. ಡಾಕ್ಟರು ಬರೆಯುವಾಗಲೇ "ಜೆನೆರಿಕ್ ಬರೆದುಕೊಡಿ" ಎಂದು ಕೇಳಿ. ಒಂದೇ ಔಷಧಿಗೆ ಬ್ರಾಂಡಿನ ಹೆಸರಲ್ಲಿ ಎಷ್ಟೋ ಪಟ್ಟು ಬೆಲೆ ಇರುವುದುಂಟು. ಇಷ್ಟಾದರೂ ಈ ಪ್ಯಾಕೇಜಿನಲ್ಲಿ ನನಗೆ ನಿಜವಾಗಿ ಹಿಡಿಸಿದ ಒಂದು ಅಂಶವಿದೆ: ಮೊದಲೇ ಕಾಯಿಲೆ ಇದ್ದವರು ಕಾಯಬೇಕಾದ ಅವಧಿ ಇಲ್ಲ. ಹಾಗಾಗಿ ಕಾಯಿಲೆ ಮುಚ್ಚಿಡಬೇಡಿ, ಫಾರಂನಲ್ಲಿ ಇದ್ದದ್ದನ್ನು ಇದ್ದ ಹಾಗೆ ಬರೆಯಿರಿ.

ಮುಂದಿನ ಸಲ ಹೀಗೆ ಮಾಡಿ. ಕಾರ್ಡಿನ ಮೇಲೆ, ಇಲ್ಲವೇ ಆ್ಯಪಿನಲ್ಲಿ ವಿಮೆ ಕಂಪನಿಯ ಹೆಸರಿನ ಜೊತೆಗೆ ನೆಟ್‌ವರ್ಕಿನ ಹೆಸರೂ ಇರುತ್ತದೆ. ಆಸ್ಪತ್ರೆಗೆ ಫೋನು ಮಾಡಿದಾಗ "ನಮ್ಮ ಇನ್ಶೂರೆನ್ಸ್ ನಡೆಯುತ್ತದಾ" ಎಂದು ಕೇಳಿದರೆ ಹೌದೆಂದೇ ಬಿಡುತ್ತಾರೆ. ನೆಟ್‌ವರ್ಕಿನ ಹೆಸರು ಹೇಳಿ ಕೇಳಿ, ಒಂದೇ ಕಂಪನಿಗೆ ನಾಲ್ಕಾರು ನೆಟ್‌ವರ್ಕು ಇರುತ್ತವೆ. ಸ್ಕ್ಯಾನಿಂಗ್, ಎಂಆರ್‌ಐ, ಆಪರೇಶನ್ನಿಗೆಲ್ಲ ಮುಂಚಿತವಾಗಿ ವಿಮೆ ಕಂಪನಿಯ ಅಪ್ರೂವಲ್ ಬೇಕು. ಅದು ಬರುವ ಮುಂಚೆ "ಈಗ ಕ್ಯಾಶ್ ಕಟ್ಟಿ, ಆಮೇಲೆ ಕ್ಲೇಮ್ ಮಾಡಿ" ಎಂದರೆ, ಜೀವಕ್ಕೆ ಅಪಾಯವಿಲ್ಲದಿದ್ದರೆ, ಕಾಯಿರಿ. ಅಪ್ರೂವಲ್ ತಿರಸ್ಕರಿಸಿದರೆ ಕಾರಣವನ್ನು ಬರಹದಲ್ಲಿ ಕೇಳಿ. ನಾನು ಕಂಡಂತೆ ಎಷ್ಟೋ ತಿರಸ್ಕಾರಗಳು ಡಾಕ್ಟರು ರೋಗದ ವಿವರವನ್ನು ಅರ್ಧಂಬರ್ಧ ಬರೆದದ್ದರಿಂದ ಆದವು. ಅದೇ ಡಾಕ್ಟರು ಇನ್ನೆರಡು ಸಾಲು ಸೇರಿಸಿ ಕಳಿಸಿದರೆ ಪಾಸಾಗುತ್ತಿತ್ತು.

ಹೆಂಡತಿಯ ವಿಷಯ. ಕಂಪನಿಯ ಹೊಣೆ ನಿಮ್ಮ ಮಟ್ಟಿಗೆ. ದುಬೈ ವೀಸಾ ಆಗಿದ್ದರೆ ಹೆಂಡತಿಗೆ ವಿಮೆ ಮಾಡಿಸುವುದು ಸ್ಪಾನ್ಸರ್ ಆದ ನಿಮ್ಮ ಕರ್ತವ್ಯವೆಂದು ಅಲ್ಲಿನ ಕಾನೂನಿದೆ. ನಿಮ್ಮದು ಶಾರ್ಜಾ ವೀಸಾ. ಯಾರೂ ಒತ್ತಾಯಿಸದಿದ್ದರೂ ಅವರು ಬಂದ ವಾರದಲ್ಲೇ ಮಾಡಿಸಿ, ಹೆರಿಗೆ ಸೇರಿದೆಯೇ ಎಂದು ನೋಡಿಯೇ ಮಾಡಿಸಿ. ಗರ್ಭಿಣಿಯಾದ ಮೇಲೆ ಪಾಲಿಸಿ ಹುಡುಕುತ್ತ ಬಂದ ಗಂಡಂದಿರಿಗೆ ನಾನು ಏನನ್ನೂ ಮಾಡಿಕೊಡಲಾಗುತ್ತಿರಲಿಲ್ಲ.

ಗಂಡನ ಕೆಲಸ ಹೋಯಿತು, ಕಂಪನಿಯೇ ಆಳು ಕಡಿಮೆ ಮಾಡಿತು. ಇನ್ಶೂರೆನ್ಸಿನಿಂದ ಮೂರು ತಿಂಗಳ ಸಂಬಳ ಬರುತ್ತದೆ ಎನ್ನುತ್ತಾರೆ, ಹೌದಾ ಅಕ್ಕ? ಅವರ ಸಂಬಳ 3,000 ದಿರ್ಹಮ್. ಇಲ್ಲೇ ಇರುವುದಾ, ಊರಿಗೆ ಹೋಗುವುದಾ ಗೊತ್ತಾಗುತ್ತಿಲ್ಲ.
ಓದುಗರು, ಅಜ್ಮಾನ್

ತಂಗಿ, ಪೂರ್ತಿ ಸಂಬಳ ಬರುವುದಿಲ್ಲ, ಆದರೆ ಬರುವುದನ್ನು ಬಿಡಬೇಡಿ. ಇದು 2023ರ ಜನವರಿಯಲ್ಲಿ ಶುರುವಾದ ಐಎಲ್‌ಒಇ ಎಂಬ ನಿರುದ್ಯೋಗ ವಿಮೆ. ಮೂಲ ವೇತನ 16,000 ದಿರ್ಹಮ್‌ವರೆಗೆ ಇರುವವರು ತಿಂಗಳಿಗೆ 5 ದಿರ್ಹಮ್ ಕಟ್ಟಬೇಕು. ಸತತವಾಗಿ 12 ತಿಂಗಳು ಕಟ್ಟಿರಬೇಕು, ತಾವಾಗಿ ರಾಜೀನಾಮೆ ಕೊಟ್ಟಿರಬಾರದು, ಶಿಸ್ತುಕ್ರಮದಲ್ಲಿ ತೆಗೆದುಹಾಕಿರಬಾರದು. ಇವೆಲ್ಲ ಸರಿಯಿದ್ದರೆ ಹಿಂದಿನ ಆರು ತಿಂಗಳ ಮೂಲ ವೇತನದ ಸರಾಸರಿಯ ಶೇಕಡಾ 60ರಷ್ಟು ಹೆಚ್ಚೆಂದರೆ ಮೂರು ತಿಂಗಳು ಸಿಗುತ್ತದೆ. ನಡುವೆ ಹೊಸ ಕೆಲಸ ಸಿಕ್ಕರೆ ಅಲ್ಲಿಗೆ ನಿಲ್ಲುತ್ತದೆ.

ಮೂಲ ವೇತನ ಎಂದೆನಲ್ಲ. ನಿಮ್ಮವರ ಕರಾರು ತೆಗೆದು ನೋಡಿ. ಒಟ್ಟು 3,000 ಇದ್ದರೂ ಬೇಸಿಕ್ 1,500, ಉಳಿದದ್ದು ಭತ್ಯೆ ಎಂದು ಬರೆದಿದ್ದರೆ ತಿಂಗಳಿಗೆ ಸಿಗುವುದು 900. ಗ್ರಾಚ್ಯುಟಿಯೂ ಬೇಸಿಕ್ ಮೇಲೆಯೇ: ಮೊದಲ ಐದು ವರ್ಷ, ವರ್ಷಕ್ಕೆ 21 ದಿನದ ವೇತನದಂತೆ. ಐದು ವರ್ಷ ದುಡಿದವರ ಬೇಸಿಕ್ 1,500 ಆದರೆ 5,250 ದಿರ್ಹಮ್. ಅದೇ ಬೇಸಿಕ್ 2,400 ಆಗಿದ್ದರೆ 8,400. ಕೆಲಸಕ್ಕೆ ಸೇರುವಾಗ "ಒಟ್ಟು ಅಷ್ಟೇ ಅಲ್ಲವಾ" ಎಂದು ಸಹಿ ಹಾಕಿದ ಒಂದು ಸಾಲು ಬಿಡುವ ದಿನ ಹೀಗೆ ಕೈ ಕಚ್ಚುತ್ತದೆ. ಕಾರ್ಕಳದ ಅಮ್ಮನಿಗೆ ಹೇಳಿದ್ದು ಇದಕ್ಕೇ.

ಮೊದಲು ಮಾಡಬೇಕಾದ್ದು ಕ್ಲೇಮು. ಕೆಲಸ ಮುಗಿದ ದಿನದಿಂದ 30 ದಿನದೊಳಗೆ ಅರ್ಜಿ ಹಾಕಬೇಕು. ದೇಶ ಬಿಟ್ಟು ಹೋದವರಿಗೆ ಈ ಹಣ ಇಲ್ಲ. ಆದ್ದರಿಂದ ಊರಿಗೆ ಟಿಕೆಟ್ ಮಾಡುವ ಮುನ್ನ ಲೆಕ್ಕ ಹಾಕಿ: 900 ದಿರ್ಹಮಿಗಾಗಿ ಅಲ್ಲಿ ಬಾಡಿಗೆ ಕಟ್ಟಿಕೊಂಡು ಕೂರುವುದು ಲಾಭವೋ, ಅಲ್ಲವೋ? ನನ್ನ ಅಭಿಪ್ರಾಯ ಕೇಳಿದರೆ, ನೀವು ಮಕ್ಕಳೊಂದಿಗೆ ಊರಿಗೆ ಬನ್ನಿ, ಅವರು ಬೆಡ್‌ಸ್ಪೇಸಿಗೆ, ಅಂದರೆ ಹಂಚಿಕೊಂಡ ರೂಮಿನಲ್ಲಿ ಒಂದು ಮಂಚದ ಬಾಡಿಗೆಗೆ, ಹೋಗಿ ಕೆಲಸ ಹುಡುಕಲಿ. ಮಕ್ಕಳ ಶಾಲೆಯ ಟಿಸಿ ಮರೆಯಬೇಡಿ.

ಕಂಪನಿ ಕೊಡಬೇಕಾದ ಬಾಕಿಯನ್ನೆಲ್ಲ ಕರಾರು ಮುಗಿದ 14 ದಿನದೊಳಗೆ ಕೊಡಬೇಕು. ಹಣ ಕೈಗೆ ಬರುವ ಮುನ್ನ "ಎಲ್ಲ ಬಾಕಿ ಸಂದಿದೆ" ಎಂಬ ಕಾಗದಕ್ಕೆ ಸಹಿ ಬೇಡ. ವೀಸಾ ರದ್ದಾದ ಮೇಲೆ ಎಷ್ಟು ದಿನ ಇರಬಹುದೆಂಬುದು ರದ್ದತಿಯ ಕಾಗದದಲ್ಲೇ ಇರುತ್ತದೆ, ಆ ತಾರೀಕು ದಾಟಿದರೆ ದಿನಕ್ಕೆ 50 ದಿರ್ಹಮ್ ದಂಡ. ಕಂಪನಿಯ ಆರೋಗ್ಯ ವಿಮೆ ವೀಸಾದ ಜೊತೆಗೇ ಹೋಗುತ್ತದೆ. ಹಲ್ಲು, ಕಣ್ಣು, ರಕ್ತಪರೀಕ್ಷೆ ಏನಿದ್ದರೂ ರದ್ದಾಗುವ ಮುಂಚೆಯೇ ಮಾಡಿಸಿಕೊಳ್ಳಿ.

ಅತ್ತೆ, ಮಾವ ಮೊದಲ ಸಲ ದುಬೈಗೆ ಬರುತ್ತಿದ್ದಾರೆ. ಮಾವನಿಗೆ ಬೆನ್ನುನೋವಿನ ಮಾತ್ರೆ, ನಿದ್ದೆಯ ಮಾತ್ರೆ ಇದೆ. ಊರಿನಿಂದ ಏನೇನು ತರಬಹುದು?
ಓದುಗರು, ದುಬೈ

ಗಸಗಸೆ ಬೇಡ, ಒಂದು ಚಮಚವೂ ಬೇಡ. ನಮಗದು ಪಾಯಸದ ಸಾಮಾನು, ಅಲ್ಲಿ ನಿಷೇಧಿತ ಮಾದಕ ವಸ್ತುಗಳ ಸಾಲಿನದ್ದು. ಮನೆಯಲ್ಲಿ ಮಾಡಿದ ಮಸಾಲೆಪುಡಿಗೆ ಗಸಗಸೆ ಹಾಕಿದ್ದರೆ ಅದೂ ಬೇಡ. ಅತ್ತೆಗೆ ಎಲೆಯಡಿಕೆ ಅಭ್ಯಾಸವಿದ್ದರೆ ಈಗಲೇ ಹೇಳಿ, ವೀಳ್ಯದೆಲೆ, ಪಾನ್ ತರುವಂತಿಲ್ಲ.

ಮಾತ್ರೆಗಳ ಹೆಸರು ನೀವು ಬರೆದಿಲ್ಲ. ಟ್ರಾಮಡಾಲ್, ಕೊಡೀನ್ ಇರುವ ನೋವಿನ ಮಾತ್ರೆ ಮತ್ತು ಕೆಮ್ಮಿನ ಸಿರಪ್, ಆಲ್ಪ್ರಜೋಲಮ್‌ನಂಥ ನಿದ್ದೆ ಮಾತ್ರೆಗಳು ಅಲ್ಲಿ ನಿಯಂತ್ರಿತ ಔಷಧಿಗಳು. ಊರಿನ ಮೆಡಿಕಲ್ಲಿನಲ್ಲಿ ಸುಲಭವಾಗಿ ಸಿಕ್ಕಿದೆ ಎಂದು ಧೈರ್ಯ ಮಾಡಬೇಡಿ. ಯುಎಇ ಸರ್ಕಾರದ ಜಾಲತಾಣದಲ್ಲಿ ಹೊರಡುವ ಮುನ್ನ ಅನುಮತಿ ಪಡೆಯಬೇಕು. ಡಾಕ್ಟರ ಚೀಟಿಯಲ್ಲಿ ಮಾವನ ಹೆಸರು ಪಾಸ್‌ಪೋರ್ಟಿನಲ್ಲಿ ಇರುವಂತೆಯೇ ಇರಲಿ, ಮಾತ್ರೆ ಅಂಗಡಿಯಲ್ಲಿ ಕೊಟ್ಟ ಸ್ಟ್ರಿಪ್ಪಿನಲ್ಲೇ ಇರಲಿ, ಡಬ್ಬಿಗೆ ಸುರಿಯಬೇಡಿ.

ಬಾಣಂತನಕ್ಕೆ ಊರಿಗೆ ಬಂದೆ. ಆರು ತಿಂಗಳಾಗುತ್ತ ಬಂತು, ವೀಸಾ ಹೋಗುತ್ತದಾ?
ಓದುಗರು, ಕುಂದಾಪುರ

ಸಾಮಾನ್ಯ ರೆಸಿಡೆನ್ಸ್ ವೀಸಾದವರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅದು ಊರ್ಜಿತವಾಗಿ ಉಳಿಯುವುದಿಲ್ಲ. ಸಕಾರಣ ಇದ್ದರೆ ಮರುಪ್ರವೇಶದ ಅನುಮತಿಗೆ ಅರ್ಜಿ ಹಾಕಬಹುದು. ಆಸ್ಪತ್ರೆಯ ಡಿಸ್ಚಾರ್ಜ್ ಕಾಗದ ಜೋಪಾನ. ಮಗುವಿಗೆ ಪಾಸ್‌ಪೋರ್ಟ್, ಪ್ರತ್ಯೇಕ ವೀಸಾ ಎರಡೂ ಬೇಕು, ಇವತ್ತೇ ಶುರುಮಾಡಿ.

ವಯಸ್ಸು 57. ಇನ್ನು ಎರಡು ಮೂರು ವರ್ಷಕ್ಕೆ ಶಿರಸಿಗೆ ಮರಳುವ ಯೋಚನೆ. ಸಕ್ಕರೆ ಕಾಯಿಲೆ ಇದೆ. ಬಂದ ಮೇಲೆ ಅಲ್ಲಿ ವಿಮೆ ಮಾಡಿಸಿದರೆ ಸಾಕಲ್ಲವೇ?
ಓದುಗರು, ಅಬುಧಾಬಿ

ಸಾಲದು, ಈಗಲೇ ಮಾಡಿಸಿ. ಮೊದಲೇ ಇದ್ದ ಕಾಯಿಲೆಗೆ ಭಾರತದ ಪಾಲಿಸಿಗಳಲ್ಲಿ ಕಾಯುವ ಅವಧಿ ಇದೆ. 2024ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರ ಅದರ ಗರಿಷ್ಠ ಮಿತಿಯನ್ನು 48ರಿಂದ 36 ತಿಂಗಳಿಗೆ ಇಳಿಸಿತು. ಈಗ ಪಾಲಿಸಿ ತೆಗೆದರೆ ನೀವು ಶಿರಸಿಗೆ ಬರುವ ಹೊತ್ತಿಗೆ ಅದು ಮುಗಿದಿರುತ್ತದೆ, ಇಲ್ಲವೇ ಮುಗಿಯುತ್ತ ಬಂದಿರುತ್ತದೆ. ಬಂದ ಮೇಲೆ ತೆಗೆದರೆ ಅಬುಧಾಬಿಯ ಕಾರ್ಡೂ ಇಲ್ಲ, ಇಲ್ಲಿನದು ಸಕ್ಕರೆ ಕಾಯಿಲೆಗೆ ನಡೆಯುವುದೂ ಇಲ್ಲ. ಸಕ್ಕರೆ ಕಾಯಿಲೆ ಇದೆ ಎಂದು ಪ್ರೊಪೋಸಲ್ ಫಾರಂನಲ್ಲಿ ಬರೆಯಲೇಬೇಕು. ಏಜೆಂಟ್ ಬೇಡವೆಂದರೂ ಬರೆಯಿರಿ. ವೈಯಕ್ತಿಕ ಆರೋಗ್ಯ ವಿಮೆಯ ಮೇಲೆ 2025ರ ಸೆಪ್ಟೆಂಬರ್ 22ರಿಂದ ಜಿಎಸ್‌ಟಿ ಇಲ್ಲ, ಅದೊಂದು ಅನುಕೂಲ. ಊರಲ್ಲಿರುವ ಪತ್ನಿಯನ್ನೂ ಅದೇ ಪಾಲಿಸಿಯಲ್ಲಿ ಸೇರಿಸಬಹುದೇ ಎಂದು ಕೇಳಿ. ಪಾಲಿಸಿ ಕೊಳ್ಳುವ ಮುನ್ನ ಶಿರಸಿಯವರು ನಿಜವಾಗಿ ಹೋಗುವ ಹುಬ್ಬಳ್ಳಿ, ಮಂಗಳೂರು, ಮಣಿಪಾಲದ ಆಸ್ಪತ್ರೆಗಳಲ್ಲಿ ಯಾವುದಕ್ಕೆ ನಗದುರಹಿತ ಸೌಲಭ್ಯ ಇದೆ ಎಂದು ಆ ಕಂಪನಿಯ ಪಟ್ಟಿಯಲ್ಲಿ ನೋಡಿಕೊಳ್ಳಿ.