ಕಾರ್ಖಾನೆಯ ತ್ಯಾಜ್ಯನೀರಿನಿಂದ ಲೈಪೇಸ್ ಕೊಡುವ ಬ್ಯಾಕ್ಟೀರಿಯಾ ಹುಡುಕುವುದು ಹೇಗೆ?

ಎಣ್ಣೆ, ಜಿಡ್ಡು ಸೇರುವ ತ್ಯಾಜ್ಯನೀರನ್ನೇ ಆರಿಸಿ. ಲೈಪೇಸ್ ಎಂದರೆ ಕೊಬ್ಬು ಒಡೆಯುವ ಕಿಣ್ವ; ಅದನ್ನು ಕೊಡುವ ಜೀವಿಗಳು ಅಲ್ಲಿ ಸಿಗುವ ಸಾಧ್ಯತೆ ಹೆಚ್ಚು. ತಳದ ಕೆಸರನ್ನೂ ಸ್ಟೆರೈಲ್ ಬಾಟಲಿಗೆ ತುಂಬಿ, ಪಿಎಚ್ ಮತ್ತು ತಾಪಮಾನವನ್ನು ಸ್ಥಳದಲ್ಲೇ ಬರೆದುಕೊಳ್ಳಿ. 4 ಡಿಗ್ರಿಯಲ್ಲಿಟ್ಟು 24 ಗಂಟೆಯೊಳಗೆ ಬಳಸಿ.

1 ಮಿಲಿ ಮಾದರಿಯನ್ನು 9 ಮಿಲಿ ಉಪ್ಪುನೀರಿಗೆ (0.85%) ಹಾಕಿ, ಹೀಗೆ ಆರು ಹಂತ ತೆಳುವಾಗಿಸಿ. ಕೊನೆಯ ಮೂರು ಹಂತಗಳಿಂದ 0.1 ಮಿಲಿ ತೆಗೆದು 1% ಟ್ರೈಬ್ಯುಟಿರಿನ್ (ಒಂದು ಕೊಬ್ಬು) ಬೆರೆಸಿದ ಅಗಾರ್ (ಬ್ಯಾಕ್ಟೀರಿಯಾ ಬೆಳೆಸುವ ಜೆಲ್ಲಿ) ಮೇಲೆ ಹರಡಿ, 30–37 ಡಿಗ್ರಿಯಲ್ಲಿ 48 ಗಂಟೆ ಇಡಿ. ಮಬ್ಬು ಅಗಾರ್‌ನಲ್ಲಿ ಕೊಬ್ಬು ಒಡೆಯುವ ಕಾಲನಿಯ ಸುತ್ತ ತಿಳಿಯಾದ ಉಂಗುರ ಮೂಡುತ್ತದೆ.

ಎಡವುವುದು ಇಲ್ಲೇ. ಟ್ರೈಬ್ಯುಟಿರಿನ್ ಚಿಕ್ಕ ಸರಪಳಿಯ ಕೊಬ್ಬು, ಅದನ್ನು ಸಾಮಾನ್ಯ ಎಸ್ಟರೇಸ್ (ಚಿಕ್ಕ ಸರಪಳಿಯ ಎಸ್ಟರ್ ಒಡೆಯುವ ಕಿಣ್ವ) ಕೂಡ ಒಡೆಯುತ್ತದೆ. ಉಂಗುರ ಕಂಡ ತಕ್ಷಣ ಲೈಪೇಸ್ ಎಂದು ಬರೆಯಬೇಡಿ. ಆಲಿವ್ ಎಣ್ಣೆ ಮತ್ತು 0.001% ರೋಡಮಿನ್-ಬಿ ಎಂಬ ಬಣ್ಣ ಸೇರಿಸಿದ ಅಗಾರ್ ಮೇಲೆ ಮತ್ತೆ ಬೆಳೆಸಿ, 350 ನ್ಯಾನೋಮೀಟರ್ ಯುವಿ ಬೆಳಕಿನಲ್ಲಿ ನೋಡಿ. ಕಿತ್ತಳೆ ಬಣ್ಣದ ಹೊಳಪು ಬಂದರೆ ಮಾತ್ರ ಮುಂದುವರಿಯಿರಿ.

ಉಂಗುರದ ಅಗಲ ಕಿಣ್ವದ ಪ್ರಮಾಣವಲ್ಲ. ದ್ರವದಲ್ಲಿ ಬೆಳೆಸಿ, ಕೋಶಗಳನ್ನು ಸೆಂಟ್ರಿಫ್ಯೂಜ್‌ನಲ್ಲಿ ತೆಗೆದು, ಉಳಿದ ದ್ರವವನ್ನು ಪ್ಯಾರಾ-ನೈಟ್ರೋಫಿನೈಲ್ ಪಾಲ್ಮಿಟೇಟ್ (ಲೈಪೇಸ್ ಒಡೆದಾಗ ಹಳದಿ ಬಣ್ಣ ಕೊಡುವ ರಾಸಾಯನಿಕ) ಜೊತೆ ಬೆರೆಸಿ, ಬಣ್ಣವನ್ನು 410 ನ್ಯಾನೋಮೀಟರಿನಲ್ಲಿ ಅಳೆಯಿರಿ. ಆಮ್ಲೀಯ ಬಫರ್‌ನಲ್ಲಿ ಹಳದಿ ಬಣ್ಣ ಕಾಣದು; ಪಿಎಚ್ 8ರಲ್ಲಿ ಮಾಡಿ. ಕುದಿಸಿ ನಿಷ್ಕ್ರಿಯಗೊಳಿಸಿದ ಕಿಣ್ವದ ಕಂಟ್ರೋಲ್ (ಹೋಲಿಕೆ ಮಾದರಿ) ಬಿಡಲೇಬೇಡಿ, ಈ ರಾಸಾಯನಿಕ ತಾನಾಗಿಯೂ ಸ್ವಲ್ಪ ಒಡೆಯುತ್ತದೆ.