ಮ್ಯಾನ್ಮಾರ್‌ನಲ್ಲಿ 2011ರ ಸುಧಾರಣೆ ನಂತರ ಅಷ್ಟು ನೆರವು ಬಂದರೂ ಜನ ಶಿಬಿರದಲ್ಲೇ ಉಳಿದದ್ದು ಯಾಕೆ?

ನಿಮ್ಮ ಪ್ರಶ್ನೆಯಲ್ಲಿ ಮೂರು ಭಾಗ ಇವೆ. 2011ರಲ್ಲಿ ಸೇನೆ ನೇರ ಆಡಳಿತದಿಂದ ಹಿಂದೆ ಸರಿದು, ಆಮೇಲೆ ವಿದೇಶಗಳ ನಿರ್ಬಂಧಗಳು ಸಡಿಲಾದ ಮೇಲೂ ಜನರ ಬದುಕು ಯಾಕೆ ಸುಧಾರಿಸಲಿಲ್ಲ? ನೆರವಿನ ದುಡ್ಡನ್ನೆಲ್ಲ ಮೇಲಿನವರೇ ತಿಂದರಾ? ಈಗಲೂ ಅಲ್ಲಿಗೆ ಏನಾದರೂ ತಲುಪುತ್ತಿದೆಯಾ?

ತಿಂದವರು ಇದ್ದರು, ಇಲ್ಲ ಅನ್ನಲಾರೆ. ಆದರೆ ನನ್ನ ಲೆಕ್ಕದಲ್ಲಿ ದೊಡ್ಡ ಅಡ್ಡಿ ಕಳ್ಳತನದ್ದಲ್ಲ, ಕಾಗದದ್ದು. ದುಡ್ಡಿಗೆ ಬಾಗಿಲು ಬೇಗ ತೆರೆಯಿತು. ಓಡಾಟಕ್ಕೆ, ಜಮೀನಿಗೆ, ಪೌರತ್ವಕ್ಕೆ ಸೀಲು ಹಾಕುವ ಮೇಜು ಮಾತ್ರ ಹಳಬರ ಕೈಯಲ್ಲೇ ಉಳಿಯಿತು.

ಮೊದಲು ನಿಜಕ್ಕೂ ಬದಲಾದದ್ದನ್ನು ಹೇಳಿಬಿಡುತ್ತೇನೆ. 2012ರ ಏಪ್ರಿಲ್‌ಗೆ ಮುಂಚೆ ಡಾಲರಿಗೆ ಸರ್ಕಾರಿ ದರ ಆರು ಚಿಲ್ಲರೆ ಕ್ಯಾಟ್ (ಅಲ್ಲಿಯ ನಾಣ್ಯ), ಮಾರುಕಟ್ಟೆ ದರ ಎಂಟುನೂರರ ಆಸುಪಾಸು. ಅನಿಲ ಮಾರಿ ಬಂದ ಹತ್ತು ಲಕ್ಷ ಡಾಲರ್ ಸರ್ಕಾರಿ ಲೆಕ್ಕದಲ್ಲಿ 64 ಲಕ್ಷ ಕ್ಯಾಟ್ ಆಗಿ ಕೂರುತ್ತಿತ್ತು, ಮಾರುಕಟ್ಟೆಯಲ್ಲಿ ಅದೇ ದುಡ್ಡಿನ ಬೆಲೆ 80 ಕೋಟಿ ಕ್ಯಾಟ್. ನಡುವಿನದ್ದು ಬಜೆಟ್ಟಿನಲ್ಲಿ ಕಾಣುತ್ತಲೇ ಇರಲಿಲ್ಲ. ಆರೋಗ್ಯಕ್ಕೆ ದುಡ್ಡಿಲ್ಲ ಎಂದು ಹೇಳುತ್ತಿದ್ದದ್ದು ಈ ಲೆಕ್ಕದ ಮೇಲೆ. ನೆರವಿನ ದುಡ್ಡಿಗೂ ಇದೇ ಗತಿ. 2008ರ ನರ್ಗಿಸ್ ಚಂಡಮಾರುತದಲ್ಲಿ ಸತ್ತವರು, ಕಾಣೆಯಾದವರು ಸೇರಿ ಸುಮಾರು 1,38,000 ಮಂದಿ. ಆ ಸಮಯದಲ್ಲಿ ವಿಶ್ವಸಂಸ್ಥೆಯ ಡಾಲರ್ ಸರ್ಕಾರಿ ಬ್ಯಾಂಕಿನಲ್ಲಿ ‘ವಿದೇಶಿ ವಿನಿಮಯ ಸರ್ಟಿಫಿಕೇಟ್’ ಆಗಿ, ಆಮೇಲೆ ಕ್ಯಾಟ್ ಆಗಬೇಕಿತ್ತು. ಸರ್ಟಿಫಿಕೇಟಿಗೆ ಡಾಲರಿಗಿಂತ ಕಡಿಮೆ ಬೆಲೆ. ಸುಮಾರು ಒಂದು ಕೋಟಿ ಡಾಲರ್ ಹೀಗೆ ಸೋರಿತೆಂದು ವಿಶ್ವಸಂಸ್ಥೆಯೇ ಒಪ್ಪಿಕೊಂಡಿತು.

2012ರ ಏಪ್ರಿಲ್ 1ರಿಂದ ಡಾಲರಿಗೆ ಸುಮಾರು 818 ಕ್ಯಾಟ್ ದರ ಇಟ್ಟರು, ಮರುವರ್ಷ ಸರ್ಟಿಫಿಕೇಟನ್ನೂ ರದ್ದು ಮಾಡಿದರು. 2013ರ ಜನವರಿಯಲ್ಲಿ ಪ್ಯಾರಿಸ್ ಕ್ಲಬ್ (ಸಾಲ ಕೊಟ್ಟ ಶ್ರೀಮಂತ ದೇಶಗಳ ಕೂಟ) ದೇಶಗಳು ಸುಮಾರು 600 ಕೋಟಿ ಡಾಲರ್ ಸಾಲ ಮನ್ನಾ ಮಾಡಿದವು. ಒಂದು ಕಾಲಕ್ಕೆ ನೂರಾರು ಡಾಲರ್ ಬಾಳುತ್ತಿದ್ದ ಮೊಬೈಲ್ ಸಿಮ್ 2014ರಲ್ಲಿ 1,500 ಕ್ಯಾಟ್‌ಗೆ ಸಿಕ್ಕಿತು. ಇವೆಲ್ಲ ರಾಜಧಾನಿಯಲ್ಲಿ ಕೂತು ಒಂದು ಸಹಿಯಲ್ಲಿ ಮುಗಿಸಬಹುದಾದ ಕೆಲಸಗಳು, ಅದಕ್ಕೇ ಬೇಗ ಆದವು.

ಇನ್ನು ಆಗದೇ ಉಳಿದದ್ದು. 2008ರ ಸಂವಿಧಾನದ ಪ್ರಕಾರ ಸಂಸತ್ತಿನ ಕಾಲು ಭಾಗ ಸೀಟು ಸೇನೆಗೆ ಮೀಸಲು, ಮುಖ್ಯ ವಿಧಿಗಳ ತಿದ್ದುಪಡಿಗೆ ಮುಕ್ಕಾಲಿಗಿಂತ ಹೆಚ್ಚು ಮತ ಬೇಕು. ಅಂದರೆ ಸೇನೆ ಒಪ್ಪದೆ ಏನೂ ಅಲ್ಲಾಡದು. ರಕ್ಷಣೆ, ಗೃಹ, ಗಡಿ ವ್ಯವಹಾರ, ಈ ಮೂರು ಖಾತೆಗೆ ಮಂತ್ರಿಯನ್ನು ಸೂಚಿಸುವುದು ಸೇನಾ ಮುಖ್ಯಸ್ಥ. ಪತ್ರಿಕೆಗಳು ಇದನ್ನು ಬೇಕಾದಷ್ಟು ಬರೆದಿವೆ. ಕಡಿಮೆ ಬರೆದದ್ದು ಗೃಹ ಖಾತೆಯ ಕೆಳಗಿದ್ದ ಸಾಮಾನ್ಯ ಆಡಳಿತ ಇಲಾಖೆಯ ಬಗ್ಗೆ. ದೇಶದ 330 ಟೌನ್‌ಶಿಪ್‌ಗಳಲ್ಲೂ ಅದರ ಕಚೇರಿ ಇದೆ. ನಮ್ಮ ತಹಸೀಲ್ದಾರ್ ಕಚೇರಿ ಅಂದುಕೊಳ್ಳಿ, ಆದರೆ ಗೃಹ ಇಲಾಖೆಗೆ ವರದಿ ಒಪ್ಪಿಸುವ ತಹಸೀಲ್ದಾರ್. ಕಂದಾಯ, ಜಮೀನು ವ್ಯಾಜ್ಯ, ಸಂಘ ಸಂಸ್ಥೆಗಳ ನೋಂದಣಿ, ಹೊರಗಿನವರು ಬಂದುಹೋಗುವ ಲೆಕ್ಕ, ಎಲ್ಲ ಅಲ್ಲೇ. 2015ರಲ್ಲಿ ಆಂಗ್ ಸಾನ್ ಸೂಕಿ ಪಕ್ಷ ಭರ್ಜರಿಯಾಗಿ ಗೆದ್ದರೂ ಈ ಇಲಾಖೆ ನಾಗರಿಕ ಸರ್ಕಾರದ ಕೈಗೆ ಬಂದದ್ದು 2018ರ ಡಿಸೆಂಬರ್‌ನಲ್ಲಿ. 2021ರ ಫೆಬ್ರವರಿ 1ರಂದು ಸೇನೆ ದಂಗೆಯೆದ್ದು ಅಧಿಕಾರ ಹಿಡಿದ ನಂತರ ಅದೇ ವರ್ಷ ಮತ್ತೆ ಗೃಹ ಖಾತೆಗೆ ವಾಪಸ್.

ಈ ಕಚೇರಿ ನೆರವನ್ನು ನಿಲ್ಲಿಸುವ ರೀತಿ ಹೀಗೆ. ಯಾವುದೇ ಅಂತರರಾಷ್ಟ್ರೀಯ ಸಂಸ್ಥೆ ಮೊದಲು ಒಂದು ಸಚಿವಾಲಯದ ಜೊತೆ ಒಪ್ಪಂದ ಮಾಡಿಕೊಳ್ಳಬೇಕು. ಆಮೇಲೆ ಪ್ರತಿ ಪ್ರಯಾಣಕ್ಕೂ ಪರವಾನಗಿ. ಯಾರು ಹೋಗುತ್ತಾರೆ, ಪಾಸ್‌ಪೋರ್ಟ್ ನಂಬರ್ ಏನು, ಯಾವ ಹಳ್ಳಿ, ಯಾವ ತಾರೀಖು ಎಂದು ವಾರಗಟ್ಟಲೆ ಮುಂಚೆ ಬರೆದು ಕೊಡಬೇಕು. ಪಶ್ಚಿಮದ ರಖೈನ್ ರಾಜ್ಯದಂಥ ಕಡೆ ಸ್ಥಳೀಯ ಸಿಬ್ಬಂದಿಗೂ ಇದು ತಪ್ಪಲಿಲ್ಲ. ಪಟ್ಟಿಯಲ್ಲಿದ್ದ ನರ್ಸ್ ರಜೆ ಹಾಕಿದರೆ ಬದಲಿ ನರ್ಸಿಗೆ ಹೊಸ ಅರ್ಜಿ. ಮಳೆಗೆ ದೋಣಿ ಹೊರಡದೆ ತಾರೀಖು ದಾಟಿದರೆ ಮತ್ತೆ ಹೊಸ ಅರ್ಜಿ. ಬಾಯಿಬಿಟ್ಟು ‘ಇಲ್ಲ’ ಅನ್ನುವವರು ಕಡಿಮೆ, ಫೈಲು ‘ಪರಿಶೀಲನೆಯಲ್ಲಿದೆ’ ಅಷ್ಟೇ. ದುಡ್ಡು ಕೊಟ್ಟ ದೇಶಕ್ಕೆ ವರ್ಷಾಂತ್ಯಕ್ಕೆ ಖರ್ಚಿನ ಲೆಕ್ಕ ಬೇಕು. ಹಾಗಾಗಿ ಪರವಾನಗಿ ಸುಲಭವಾಗಿ ಸಿಗುವ ಯಾಂಗೂನ್ ಸುತ್ತಮುತ್ತ ತರಬೇತಿ, ಕಾರ್ಯಾಗಾರ ಅಂತ ಮುಗಿಸಿಬಿಡುವ ಆಸೆ ಹುಟ್ಟುತ್ತದೆ. ಇದು ಹೊಸದೇನಲ್ಲ. ಏಡ್ಸ್, ಕ್ಷಯ, ಮಲೇರಿಯಾಕ್ಕೆ ದುಡ್ಡು ಕೊಡುವ ಗ್ಲೋಬಲ್ ಫಂಡ್ 2005ರಲ್ಲಿ ಮ್ಯಾನ್ಮಾರ್ ಬಿಟ್ಟು ಹೋದದ್ದು ಈ ಪ್ರಯಾಣ ನಿರ್ಬಂಧದ ಕಾರಣಕ್ಕೇ.

ಈಗ ಶಿಬಿರಕ್ಕೆ ಬರೋಣ. 2012ರ ಗಲಭೆಯಲ್ಲಿ ರಖೈನ್ ರಾಜ್ಯದಲ್ಲಿ ಮನೆ ಕಳೆದುಕೊಂಡವರು ಸುಮಾರು 1,40,000, ಹೆಚ್ಚಿನವರು ರೋಹಿಂಗ್ಯಾ ಮುಸ್ಲಿಮರು. ಸಿತ್ವೆ ಪಟ್ಟಣದ ಹೊರಗೆ ಎಂಟೆಂಟು ಕೋಣೆಯ ಬಿದಿರಿನ ಸಾಲುಮನೆ ಕಟ್ಟಿದರು. ಎರಡು ವರ್ಷಕ್ಕೆ ಅಂತ ಕಟ್ಟಿದ್ದು.

5,000 ಜನರ ಒಂದು ಶಿಬಿರದ ಲೆಕ್ಕ ಹಾಕೋಣ. ತಲೆಗೆ ದಿನಕ್ಕೆ 450 ಗ್ರಾಂ ಅಕ್ಕಿ, 60 ಗ್ರಾಂ ಬೇಳೆ, 25 ಗ್ರಾಂ ಎಣ್ಣೆ, 5 ಗ್ರಾಂ ಉಪ್ಪು ಕೊಟ್ಟರೆ 2,100 ಕ್ಯಾಲರಿ ಹತ್ತಿರ ಬರುತ್ತದೆ. ತಿಂಗಳಿಗೆ ಅಕ್ಕಿಯೇ 67 ಟನ್ ದಾಟುತ್ತದೆ. ನೀರು ತಲೆಗೆ ಕನಿಷ್ಠ 15 ಲೀಟರ್, ಅಂದರೆ ದಿನಕ್ಕೆ 75,000 ಲೀಟರ್. ಇಪ್ಪತ್ತು ಜನಕ್ಕೊಂದು ಶೌಚಾಲಯದಂತೆ 250. ಅಕ್ಕಿ ಹೇಗೋ ಬರುತ್ತದೆ, ಲಾರಿ ತುಂಬಿದ ಫೋಟೋ ದಾನಿಗಳಿಗೂ ಇಷ್ಟ. ನರಳಿಸುವುದು ಶೌಚಾಲಯ. ಒಬ್ಬರಿಂದ ವರ್ಷಕ್ಕೆ ಗುಂಡಿಯಲ್ಲಿ ಸುಮಾರು 50 ಲೀಟರ್ ಮಡ್ಡಿ ನಿಲ್ಲುತ್ತದೆ ಎಂದು ಹಿಡಿಯುತ್ತಾರೆ. ಇಪ್ಪತ್ತು ಜನಕ್ಕೆ ಒಂದು ಘನ ಮೀಟರ್. ಒಂದು ಮೀಟರ್ ಅಗಲದ ಸಿಮೆಂಟ್ ರಿಂಗು ಒಂದೂವರೆ ಮೀಟರ್ ಆಳಕ್ಕೆ ಇಳಿಸಿದರೆ ವರ್ಷ ಸಾಕಾಗಬೇಕು. ಆದರೆ ಶಿಬಿರಕ್ಕೆ ಸಿಕ್ಕಿದ್ದು ತಗ್ಗಿನ ಗದ್ದೆ ಜಾಗ. ಜೂನ್ ಮಳೆ ಹಿಡಿದರೆ ಅಂತರ್ಜಲ ಮೇಲಕ್ಕೇ ಬಂದು ನಿಲ್ಲುತ್ತದೆ, ಗುಂಡಿಯ ನೀರು ಇಂಗುವುದಿಲ್ಲ, ವರ್ಷಕ್ಕೆ ತುಂಬಬೇಕಾದ್ದು ವಾರಗಳಲ್ಲಿ ತುಂಬಿ ಬೋರ್‌ವೆಲ್ ಕಟ್ಟೆಯ ತನಕ ಹರಿಯುತ್ತದೆ. ಸಕ್ಕಿಂಗ್ ಯಂತ್ರ ತರಬಹುದು, ಮಡ್ಡಿ ಎಲ್ಲಿ ಸುರಿಯುವುದು? ಅದಕ್ಕೆ ಜಾಗ ಬೇಕು, ಜಾಗಕ್ಕೆ ಮತ್ತೆ ಅದೇ ಕಚೇರಿಯ ಒಪ್ಪಿಗೆ. ನೆಲ ಎತ್ತರಿಸಿ ಕಟ್ಟೋಣ, ಸಿಮೆಂಟಿನ ಮನೆ ಮಾಡೋಣ ಎಂದರೆ ಅದು ‘ತಾತ್ಕಾಲಿಕ’ ಅನಿಸಿಕೊಳ್ಳುವುದಿಲ್ಲ. ಹೀಗೆ ಪ್ರತಿ ಎರಡು ಮಳೆಗಾಲಕ್ಕೊಮ್ಮೆ ಅದೇ ಬಿದಿರು ಹೊಸದಾಗಿ ಕೊಂಡದ್ದು. 2017ರ ನಂತರ ಸರ್ಕಾರ ಕೆಲವು ಶಿಬಿರ ಮುಚ್ಚಿದ್ದೇವೆ ಎಂದಿತು. ಸಾಲುಮನೆ ಹೋಗಿ ಅಕ್ಕಪಕ್ಕದಲ್ಲೇ ಬಿಡಿಮನೆ ಬಂತು, ಪೇಟೆಗೆ ಹೋಗಲು ಅನುಮತಿ ಬೇಕೆಂಬುದು ಹಾಗೇ ಉಳಿಯಿತು.

ಇಲ್ಲಿ ನೆರವಿನವರೂ ಒಂದು ದೊಡ್ಡ ತಪ್ಪು ಮಾಡಿದರು ಎಂದು ನನ್ನ ಅಭಿಪ್ರಾಯ. ವಿಶ್ವಬ್ಯಾಂಕ್ ಅಂದಾಜಿನಂತೆ ರಖೈನ್‌ನಲ್ಲಿ ಶೇ. 78 ಜನ ಬಡವರು, ದೇಶದ ಸರಾಸರಿ ಶೇ. 37.5. ಪಕ್ಕದ ಬೌದ್ಧ ರಖೈನ್ ಹಳ್ಳಿಯಲ್ಲೂ ಶೌಚಾಲಯ ಇಲ್ಲ, ನೀರಿಲ್ಲ. ಅವರ ಕಣ್ಣೆದುರೇ ಲಾರಿಗಳು ಶಿಬಿರಕ್ಕೆ ಹೋಗುತ್ತಿದ್ದವು. ಅಗತ್ಯ ಇದ್ದವರಿಗೆ ಕೊಡುತ್ತೇವೆ ಎಂಬ ನಿಯಮ ಸರಿ, ಅದನ್ನು ಹಳ್ಳಿಯವರಿಗೆ ಅವರ ಭಾಷೆಯಲ್ಲಿ ಹೇಳಿದವರು ಕಡಿಮೆ. 2014ರ ಮಾರ್ಚ್‌ನಲ್ಲಿ ಸಿತ್ವೆಯ ನೆರವು ಸಂಸ್ಥೆಗಳ ಕಚೇರಿ, ಗೋದಾಮುಗಳ ಮೇಲೆ ದಾಳಿಯಾಗಿ ಸಿಬ್ಬಂದಿ ಊರು ಬಿಡಬೇಕಾಯಿತು. ಅದಕ್ಕೂ ಒಂದು ತಿಂಗಳು ಮುಂಚೆ ‘ಗಡಿಯಿಲ್ಲದ ವೈದ್ಯರು’ ಸಂಸ್ಥೆಯನ್ನು ಸರ್ಕಾರ ರಖೈನ್‌ನಿಂದ ಹೊರಗೆ ಕಳಿಸಿತ್ತು, ಅದರ ಕೆಲಸ ಮತ್ತೆ ಶುರುವಾದದ್ದು ಆ ವರ್ಷದ ಕೊನೆಗೆ.

ಇನ್ನೊಂದು ತೊಡಕು ಕೇಳಿದರೆ ನಿಮಗೆ ನಗು ಬರಬಹುದು: ಫಾಂಟ್. ಬರ್ಮೀಯರಿಗೆ ಮನೆತನದ ಹೆಸರಿಲ್ಲ. ಒಂದೇ ಹೆಸರಿನವರು ಹಳ್ಳಿಗೆ ಹತ್ತು ಜನ. ಗುರುತು ಹಿಡಿಯಲು ಉಳಿದದ್ದು ಗುರುತಿನ ಚೀಟಿಯ ನಂಬರ್, ಅದರಲ್ಲೂ ಟೌನ್‌ಶಿಪ್ ಹೆಸರಿನ ಬರ್ಮೀ ಅಕ್ಷರಗಳು ಇರುತ್ತವೆ. ಆಗ ಎಲ್ಲರ ಕಂಪ್ಯೂಟರಿನಲ್ಲಿದ್ದದ್ದು ಯೂನಿಕೋಡ್ ನಿಯಮ ಪಾಲಿಸದ ಝಾಗ್ಯಿ ಫಾಂಟ್. ಹಳೇ ನುಡಿ, ಬರಹದ ಫೈಲನ್ನು ಯೂನಿಕೋಡ್‌ಗೆ ತಂದು ಒತ್ತಕ್ಷರ ಎಲ್ಲೆಲ್ಲೋ ಹೋದದ್ದನ್ನು ಕಂಡ ಕನ್ನಡಿಗರಿಗೆ ಬಿಡಿಸಿ ಹೇಳಬೇಕಿಲ್ಲ. ಝಾಗ್ಯಿಯಲ್ಲಿ ಒಂದೇ ಪದವನ್ನು ಎರಡು ಮೂರು ಕ್ರಮದಲ್ಲಿ ಟೈಪ್ ಮಾಡಬಹುದು, ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ನೆರವು ಪಡೆಯುವವರ ಎರಡು ಪಟ್ಟಿ ತಾಳೆ ಹಾಕಿದರೆ ಒಬ್ಬನೇ ಇಬ್ಬರಾಗುತ್ತಾನೆ. ಫೇಸ್‌ಬುಕ್‌ನಲ್ಲಿ ದ್ವೇಷದ ಬರಹವನ್ನು ಯಂತ್ರದಿಂದ ಹುಡುಕಿ ತೆಗೆಯಲು ಕಷ್ಟವಾದದ್ದಕ್ಕೂ ಇದು ಒಂದು ಕಾರಣ. ಸರ್ಕಾರ ಅಧಿಕೃತವಾಗಿ ಯೂನಿಕೋಡ್‌ಗೆ ಹೊರಳಿದ್ದು 2019ರ ಅಕ್ಟೋಬರ್ 1ಕ್ಕೆ, ಅಷ್ಟರಲ್ಲಿ 2017ರ ಸೇನಾ ಕಾರ್ಯಾಚರಣೆಗೆ ಹೆದರಿ ಏಳು ಲಕ್ಷಕ್ಕೂ ಹೆಚ್ಚು ರೋಹಿಂಗ್ಯಾಗಳು ಬಾಂಗ್ಲಾದೇಶಕ್ಕೆ ಓಡಿಯಾಗಿತ್ತು.

ಆ ಗುರುತಿನ ಚೀಟಿ ಇಲ್ಲದವರ ಕಥೆ ಇನ್ನೂ ಬೇರೆ. 1982ರ ಪೌರತ್ವ ಕಾನೂನಿನಡಿ ರೋಹಿಂಗ್ಯಾಗಳು ಮಾನ್ಯ ಜನಾಂಗಗಳ ಪಟ್ಟಿಯಲ್ಲಿಲ್ಲ. ಅವರ ಕೈಲಿದ್ದ ತಾತ್ಕಾಲಿಕ ಬಿಳಿ ಕಾರ್ಡನ್ನೂ 2015ರ ಮಾರ್ಚ್ 31ಕ್ಕೆ ರದ್ದು ಮಾಡಿದರು, ಅದೇ ನವೆಂಬರ್‌ನಲ್ಲಿ ಚುನಾವಣೆ. ಜಗತ್ತು ಹೊಗಳಿದ ಮತದಾನದಲ್ಲಿ ಅವರಿಗೆ ಓಟಿರಲಿಲ್ಲ.

ಜಮೀನಿನ ಸುಧಾರಣೆ ಕೆಲವರಿಗೆ ಉಲ್ಟಾ ಹೊಡೆಯಿತು. 2012ರ ಕೃಷಿಭೂಮಿ ಕಾನೂನು ರೈತನಿಗೆ ‘ಫಾರಂ 7’ ಕೊಟ್ಟಿತು. ನಮ್ಮ ಪಹಣಿಯ ಹಾಗೆ, ಅದನ್ನು ತೋರಿಸಿ ಮಾರಬಹುದು, ಅಡವಿಡಬಹುದು. ಬಯಲಿನ ಭತ್ತದ ರೈತರಿಗೆ ಒಳ್ಳೆಯದೇ ಆಯಿತು. ಅದೇ ದಿನ ಬಂದ ಖಾಲಿ, ಪಾಳು, ಬೀಳು ಭೂಮಿ ಕಾನೂನು ಫಾರಂ ಇಲ್ಲದ ನೆಲವನ್ನು ಕಂಪನಿಗಳಿಗೆ ಒಂದು ಸಲಕ್ಕೆ 5,000 ಎಕರೆ ತನಕ ಕೊಡಲು ದಾರಿ ಮಾಡಿತು. ಕಚಿನ್, ಶಾನ್, ಕರೆನ್ ರಾಜ್ಯಗಳ ಗುಡ್ಡಗಳಲ್ಲಿ ಜನ ಮಾಡುವುದು ಕುಮರಿ ಬೇಸಾಯ. ಒಂದೆರಡು ವರ್ಷ ಬೆಳೆದು ಹಲವು ವರ್ಷ ಬಿಡುತ್ತಾರೆ. ಬಿಟ್ಟ ವರ್ಷ ಸರ್ವೆಯವನ ಕಣ್ಣಿಗೆ ಅದು ಬೀಳು. ಮನೆ ಬಿಟ್ಟು ಶಿಬಿರ ಸೇರಿದವನ ಹೊಲವೂ ಬೀಳೇ. 2018ರ ತಿದ್ದುಪಡಿ ಆರು ತಿಂಗಳಲ್ಲಿ ಅರ್ಜಿ ಹಾಕಿ ಅಂದಿತು, ಗಡುವು 2019ರ ಮಾರ್ಚ್ 11, ಆಮೇಲೆ ಉಳುಮೆ ಮಾಡಿದರೆ ಎರಡು ವರ್ಷದ ತನಕ ಜೈಲು. ಬಗರ್ ಹುಕುಂ ಅರ್ಜಿ ಹಿಡಿದು ಅಲೆದವರಿಗೆ ಇದರ ಬಿಸಿ ಗೊತ್ತಾಗುತ್ತದೆ, ಆದರೆ ಅಲ್ಲಿ ಅರ್ಜಿದಾರನ ಊರಿನಲ್ಲಿ ನೆಲಬಾಂಬುಗಳೂ ಇದ್ದವು. ಇದು ಆಂಗ್ ಸಾನ್ ಸೂಕಿ ಸರ್ಕಾರದ ಕಾಲದ್ದು, ಸೇನೆಯ ತಲೆಗೆ ಕಟ್ಟಲಾಗದು.

ಕಚಿನ್‌ನಲ್ಲಿ 2011ರ ಜೂನ್‌ನಲ್ಲಿ, ಅಂದರೆ ಸುಧಾರಣೆ ಶುರುವಾದ ಮೂರೇ ತಿಂಗಳಿಗೆ, ಯುದ್ಧ ಮತ್ತೆ ಹೊತ್ತಿತು. ನಿರಾಶ್ರಿತರು ಸುಮಾರು ಒಂದು ಲಕ್ಷ. ಬಂಡುಕೋರರ ಹಿಡಿತದ ಕಡೆಗೆ 2016ರ ಮಧ್ಯದಿಂದ ವಿಶ್ವಸಂಸ್ಥೆಯ ಲಾರಿಗಳನ್ನು ಬಿಡಲೇ ಇಲ್ಲ. ಅಲ್ಲಿ ಅನ್ನ ಹಾಕಿದ್ದು ಸ್ಥಳೀಯ ಬ್ಯಾಪ್ಟಿಸ್ಟ್, ಕ್ಯಾಥೊಲಿಕ್ ಚರ್ಚುಗಳ ಜಾಲ. ಅದೇ ಹೊತ್ತಿಗೆ ಥಾಯ್ಲೆಂಡ್ ಗಡಿಯ ಒಂಬತ್ತು ಶಿಬಿರಗಳಲ್ಲಿ ಪಡಿ ಕಡಿಮೆಯಾಗುತ್ತಿತ್ತು. ದೇಶ ಸುಧಾರಿಸುತ್ತಿದೆ, ಇನ್ನು ದುಡ್ಡು ಒಳಗೇ ಕೊಡೋಣ ಎಂದು ದಾನಿಗಳು ಯೋಚಿಸಿದ್ದು. ವಾಪಸ್ ಹೋಗಲು ಹೊಲ ಉಳಿದಿದೆಯಾ ಎಂದು ಯಾರೂ ಮೊದಲು ನೋಡಲಿಲ್ಲ.

ಈ ಸಾಲಿನಲ್ಲಿ ನಮ್ಮ ಪಾಲೂ ಇದೆ. ಮ್ಯಾನ್ಮಾರ್ ರೈತರು ಬೆಳೆಯುವ ಉದ್ದು, ತೊಗರಿಗೆ ದೊಡ್ಡ ಗಿರಾಕಿ ಭಾರತ. ಇಲ್ಲಿ ತೊಗರಿ ಬೆಲೆ ಬಿದ್ದು 2017ರ ಆಗಸ್ಟ್‌ನಲ್ಲಿ ಆಮದಿಗೆ ಮಿತಿ ಹಾಕಿದಾಗ, ತೊಗರಿಗೆ ವರ್ಷಕ್ಕೆ 2 ಲಕ್ಷ ಟನ್, ಕಲಬುರಗಿ ರೈತನಿಗೆ ಅದು ನ್ಯಾಯ. ಅಲ್ಲಿಯ ರೈತನಿಗೆ ಬೆಲೆ ಕುಸಿತ. ಯಾವ ನೆರವು ಯೋಜನೆಯೂ ಇದನ್ನು ತುಂಬಿಕೊಡಲಿಲ್ಲ.

ಕೊನೆಯ ಪ್ರಶ್ನೆ: ಈಗ ತಲುಪುತ್ತಿದೆಯಾ? ತಲುಪುತ್ತಿದೆ, ಬಹಳಷ್ಟು ಹಿಂಬಾಗಿಲಿನಿಂದ. 2022ರ ಅಕ್ಟೋಬರ್‌ನ ಕಾನೂನಿನ ಪ್ರಕಾರ ಸ್ಥಳೀಯ ಸಂಸ್ಥೆಗಳೂ ಕಡ್ಡಾಯವಾಗಿ ನೋಂದಾಯಿಸಬೇಕು, ಇಲ್ಲವಾದರೆ ಜೈಲು. ನೋಂದಾಯಿಸಿದರೆ ಯಾರಿಗೆ ಕೊಡುತ್ತೀರಿ ಎಂಬ ಪಟ್ಟಿ ಸೇನೆಗೆ ಸಿಗುತ್ತದೆ. ಹಾಗಾಗಿ ಸಣ್ಣ ಗುಂಪುಗಳು ಹೆಸರಿಲ್ಲದೆ ಕೆಲಸ ಮಾಡುತ್ತವೆ, ದುಡ್ಡು ಬ್ಯಾಂಕ್ ಬಿಟ್ಟು ‘ಹುಂಡಿ’ ವ್ಯವಹಾರದಲ್ಲಿ ಹೋಗುತ್ತದೆ. ಗಡಿಯಾಚೆ ಒಬ್ಬರಿಗೆ ಕೊಟ್ಟರೆ ಒಳಗಿನ ವ್ಯಾಪಾರಿ ತನ್ನ ಕಮಿಷನ್ ಹಿಡಿದು ಕ್ಯಾಟ್ ಎಣಿಸಿಕೊಡುತ್ತಾನೆ, ರಸೀದಿ ಇಲ್ಲ. ದಾನಿ ದೇಶದ ಆಡಿಟರ್ ಇದನ್ನು ಒಪ್ಪಬೇಕಾದರೆ ಹಂಚಿದ ಅಕ್ಕಿಯ ಫೋಟೋ, ಮೂರನೆಯವರ ಫೋನ್ ವಿಚಾರಣೆ, ಹೆಸರಿನ ಬದಲು ಸಂಕೇತ ನಂಬರಿನ ಪಟ್ಟಿ, ಇಂಥವೇ ಗತಿ. ಅಕ್ಕಿ, ಎಣ್ಣೆ, ತಾಡಪಾಲು ಹತ್ತಿರದ ಸಂತೆಯಲ್ಲಿ ಸಿಗುವ ತನಕ ಇದು ನಡೆಯುತ್ತದೆ. ಲಸಿಕೆಗೆ ನಡೆಯುವುದಿಲ್ಲ. ಅದನ್ನು 2ರಿಂದ 8 ಡಿಗ್ರಿಯ ಪೆಟ್ಟಿಗೆಯಲ್ಲೇ ಒಯ್ಯಬೇಕು, ಚೆಕ್‌ಪೋಸ್ಟಿನವನು ಪೆಟ್ಟಿಗೆ ತೆರೆಸಿ ಬಿಸಿಲಲ್ಲಿ ಅರ್ಧ ದಿನ ನಿಲ್ಲಿಸಿದರೆ ಆಮೇಲೆ ಪರವಾನಗಿ ಸಿಕ್ಕರೂ ಒಳಗಿನದ್ದು ಕೆಟ್ಟಿರುತ್ತದೆ.